ಇದ್ದ ಸಾಮಾನುಗಳಿಂದ ಮನೆಯ ಶೃಂಗಾರ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹುಡುಗಿಯರು ಮದುವೆಯಾಗಿ ಬೇರೆ ಮನೆ ಹೂಡಿದ ತರುವಾಯ ಒಮ್ಮೊಮ್ಮೆ ನಮ್ಮನ್ನು ಆದರದಿಂದ ಬರಮಾಡಿಕೊಳ್ಳುವುದುಂಟು. ಜಗಲಿಯಿಂದ ಅಡಿಗೆಮನೆಯ ವರೆಗೆ ಎಲ್ಲವನ್ನೂ ತೋರಿಸಿದ ಮೇಲೆ, “ಟೀಚರ್, ಇನ್ನೇನು ತರಿಸಿದರೆ ಮನೆ ಚೆಂದ ಕಂಡೀತು?” ಎಂದು ಕೇಳುವುದೂ ಉಂಟು. ಹೀಗೆ ಕೇಳಿದವರು ಒಬ್ಬರಲ್ಲ, ಇಬ್ಬರಲ್ಲ. ಆದುದರಿಂದ ಈ ಸ್ಮರಣ ಸಂಚಿಕೆಯ ಮೂಲಕ ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳುವುದು ಒಳಿತೆಂದು ನಮಗೆ ತೋರಿತು. ಹೆತ್ತವರೂ ಇದನ್ನು ಓದುವರಾದ ಕಾರಣ ಅವರಿಗೆ ಸಲ್ಲುವ ಎರಡು ಮಾತುಗಳನ್ನೂ ಸೇರಿಸಿದ್ದೇವೆ.

ನಮ್ಮ ಉತ್ತರ ಚಿಕ್ಕದು. ಏನನ್ನು ತರಿಸಬೇಕೆಂದು ಕೇಳುವ ಮೊದಲು ಏನಿದೆಯೆಂದು ನೋಡಬೇಕು. ಅಟ್ಟದ ಮೇಲೆ ಏನಿದೆ, ಮಂಚದ ಅಡಿಯಲ್ಲಿ ಏನಿದೆ, ಅಜ್ಜಿಯ ಪೆಟ್ಟಿಗೆಯಲ್ಲಿ ಏನಿದೆ, ನೆರೆಕರೆಯ ಕೈಕಸುಬಿನವರು ಏನನ್ನು ಮಾಡಬಲ್ಲರು ಎಂಬುದನ್ನೆಲ್ಲ ವಿಚಾರಿಸಿದ ಬಳಿಕವೂ ಕೊರತೆ ಕಂಡುಬಂದರೆ ಆಗ ಪೇಟೆಗೆ ಹೋಗಬಹುದು.

ಇದು ಬರಿಯ ಮಿತವ್ಯಯದ ಉಪದೇಶವೆಂದು ಯಾರೂ ಎಣಿಸಬಾರದು. ಹಣ ಉಳಿಯುವುದು ನಿಜ. ಆದರೆ ಅದಕ್ಕಿಂತ ಹೆಚ್ಚಿನದೊಂದು ಈ ವಿಷಯದಲ್ಲಿ ಅಡಗಿದೆಯೆಂಬುದನ್ನು ನಾವು ಒಬ್ಬ ಹುಡುಗಿಯಿಂದ ಅರಿತುಕೊಂಡೆವು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯವರಿಗೆ ‘ನನ್ನ ಮನೆ’ ಎಂಬ ವಿಷಯವಾಗಿ ಪ್ರಬಂಧ ಬರೆಯಲು ಕೊಟ್ಟಿದ್ದೆವು. ಬರವಣಿಗೆಯಲ್ಲಿ ಜಾಣೆಯಾದ ಒಬ್ಬಳು ನಾಲ್ಕೇ ವಾಕ್ಯ ಬರೆದು ಪುಸ್ತಕ ಮುಚ್ಚಿದಳು. ಅವುಗಳಲ್ಲಿ ಕೊನೆಯದು, “ನಮ್ಮ ಮನೆಯಲ್ಲಿ ನೋಡುವಂಥದ್ದು ಏನೂ ಇಲ್ಲ” ಎಂದಿತ್ತು. ಆ ವರ್ಷ ವಾಡಿಕೆಯಂತೆ ಮಕ್ಕಳ ಮನೆಗಳಿಗೆ ಹೋಗುವಾಗ ಅವಳ ಮನೆಗೂ ಹೋದೆವು. ನದಿಯ ಬದಿಯಲ್ಲಿ ಹಂಚಿನ ಮಾಡಿನ ಚಿಕ್ಕ ಮನೆ. ಕಾವಿ ಹಾಕಿದ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ನಮ್ಮನ್ನು ಕುಳ್ಳಿರಿಸುವುದಕ್ಕಾಗಿ ಹೂವಿನ ಚಿತ್ರವಿದ್ದ ಹೊಸ ಪ್ಲಾಸ್ಟಿಕ್ ಚಾಪೆಯನ್ನು ಹಾಸಿದ್ದರು. ಬಾಗಿಲ ಹಿಂದೆ ಮತ್ತೊಂದು ಚಾಪೆ ಸುರುಳಿಯಾಗಿ ನಿಂತಿತ್ತು. ಅದೇನೆಂದು ಕೇಳಿದಾಗ ಹುಡುಗಿ ತಲೆ ತಗ್ಗಿಸಿದಳು, ಅವಳ ಅಜ್ಜಿ, “ಅದು ನಾನು ಹೆಣೆದದ್ದು, ಹಳತು, ನಿಮಗೆ ಹಾಸುವುದು ಬೇಡವೆಂದು ಇವಳೇ ಎತ್ತಿಟ್ಟಳು” ಎಂದರು.

ಅದು ಮುಂಡೇವಿನ ಚಾಪೆ. ತೋಡಿನ ಬದಿಯಲ್ಲಿ ಪೊದೆಯಾಗಿ ಬೆಳೆಯುವ ಮುಂಡೇವಿನ ಉದ್ದ ಎಲೆಗಳನ್ನು ಕೊಯ್ದು, ಅಂಚಿನ ಮುಳ್ಳುಗಳನ್ನು ತೆಗೆದು, ಬಾಡಿಸಿ, ಸುರುಳಿ ಸುತ್ತಿ, ಹದಮಾಡಿ ಒಣಗಿಸಿ, ಒಂದೇ ಅಗಲದ ಸೀಳುಗಳಾಗಿ ಸೀಳಿಕೊಂಡ ಮೇಲೆಯೇ ಹೆಣೆಯುವ ಕೆಲಸ ಮೊದಲಾಗುವುದು. ಚಳಿಗಾಲದಲ್ಲಿ ಬೆಚ್ಚಗೆ, ಸೆಕೆಯಲ್ಲಿ ತಂಪಾಗಿ ಇರುವ ಈ ಚಾಪೆಯ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ತಲೆಮಾರುಗಳು ಮಲಗಿ ಎದ್ದಿವೆ. ಆ ಅಜ್ಜಿಯ ಅಪ್ಪಣೆ ಪಡೆದು, ಶಾಲೆಯ ಕೈಕೆಲಸದ ಪ್ರದರ್ಶನಕ್ಕೆ ಅದನ್ನು ತಂದು, ಸಭಾಂಗಣದ ಗೋಡೆಗೆ ತೂಗಹಾಕಿ, ಹೆಣೆದವರ ಹೆಸರನ್ನೂ ಹೆಣೆಯುವ ಕ್ರಮವನ್ನೂ ಬರೆದ ಚೀಟಿಯನ್ನು ಕೆಳಗೆ ಅಂಟಿಸಿದೆವು. ಮೊದಲ ದಿನ ಹುಡುಗಿ ಆ ಗೋಡೆಯ ಬಳಿಗೇ ಸುಳಿಯಲಿಲ್ಲ. ಎರಡನೆಯ ದಿನ ಬಂದವರಲ್ಲಿ ಯಾರೋ ಚಾಪೆಯನ್ನು ಮುಟ್ಟಿ, ಇಷ್ಟು ಸಮನಾದ ಹೆಣಿಗೆ ಯಂತ್ರದ್ದೇ ಇರಬೇಕೆಂದರು. ಅಷ್ಟು ದೂರದಿಂದ, “ಅಲ್ಲ, ಅದು ನಮ್ಮ ಅಜ್ಜಿ ಕೈಯಲ್ಲಿ ಹೆಣೆದದ್ದು” ಎಂಬ ಸ್ವರ ಕೇಳಿಸಿತು. ತರುವಾಯ ಅಜ್ಜಿ ನಾಲ್ಕು ಶನಿವಾರ ಶಾಲೆಗೆ ಬಂದು, ಕಲಿಯಬಯಸಿದ ಆರು ಮಂದಿಗೆ ಹೆಣೆಯುವುದನ್ನು ತೋರಿಸಿದರು. ಚಾಪೆಯನ್ನು ಮುಗಿಸಿದವರು ಇಬ್ಬರೇ. ಅವರಲ್ಲಿ ಮೊಮ್ಮಗಳೂ ಒಬ್ಬಳು.

ತನ್ನ ಮನೆಯನ್ನು ಕಂಡು ನಾಚಿಕೊಳ್ಳುವ ಹುಡುಗಿ ಆ ನಾಚಿಕೆಯನ್ನು ಹುಟ್ಟುವಾಗ ತಂದವಳಲ್ಲ. ಅದನ್ನು ಅವಳಿಗೆ ಯಾರೋ ಕಲಿಸಿದ್ದಾರೆ. ಬಣ್ಣದ ಜಾಹೀರಾತುಗಳು ಕಲಿಸಿರಬಹುದು. ಗೆಳತಿಯರ ಮಾತು ಕಲಿಸಿರಬಹುದು. ಅತಿಥಿಗಳು ಬರುವಾಗ ಹಳೆಯದನ್ನೆಲ್ಲ ಒಳಗೆ ತಳ್ಳುವ ನಾವು ದೊಡ್ಡವರೂ ಕಲಿಸಿರಬಹುದು. ಮನೆಯ ಶೃಂಗಾರವು ಈ ನಾಚಿಕೆಯನ್ನು ಹೋಗಲಾಡಿಸುವಂತಿರಬೇಕು, ಅದನ್ನು ಹೆಚ್ಚಿಸುವಂತಿರಬಾರದು. ನಾವು ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ವಿವರಣೆಯೇ ಸರಿ.

ಮಂಗಳೂರಿನವರಾದ ನಮಗೆ ಈ ವಿಷಯದಲ್ಲಿ ಬಡತನವಿಲ್ಲ. ಎಲ್ಲಕ್ಕಿಂತ ಮೊದಲು ನಮ್ಮ ತಲೆಯ ಮೇಲಣ ಹಂಚನ್ನೇ ನೋಡಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅದಕ್ಕೆ ಕಾರಣರಾದವರು ಜಾರ್ಜ್ ಪ್ಲೆಬ್ಸ್ಟ್ ಎಂಬವರು. ಇಲ್ಲಿಯ ನದಿಗಳ ಬಯಲಿನ ಜೇಡಿಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ಆವಿಗೆಯಲ್ಲಿ ಸುಟ್ಟ ಆ ಹಂಚಿನ ಅಂಚುಗಳಲ್ಲಿ ಒಂದು ಮತ್ತೊಂದನ್ನು ಹಿಡಿದುಕೊಳ್ಳುವ ತೋಡುಗಳಿದ್ದುದರಿಂದ, ಗಾರೆಯಿಲ್ಲದೆ ರೀಪಿನ ಮೇಲೆ ಸಾಲಾಗಿ ಕುಳಿತು ಮಳೆಯನ್ನು ತಡೆಯುತ್ತಿತ್ತು; ಸಂದುಗಳಿಂದ ಗಾಳಿಯೂ ಆಡುತ್ತಿತ್ತು. ಬಹುಬೇಗ ಈ ಊರಿನವರೂ ಕಾರ್ಖಾನೆಗಳನ್ನು ಸ್ಥಾಪಿಸಿದರು. ಮಂಗಳೂರು ಹಂಚು ಹಡಗೇರಿ ದೂರ ದೇಶಗಳಿಗೂ ಹೋಯಿತು. ಕಾಂಕ್ರೀಟಿನ ತಾರಸಿಗಳು ಬಂದ ತರುವಾಯ ಆ ಕಾರ್ಖಾನೆಗಳಲ್ಲಿ ಬಹುಪಾಲು ಮುಚ್ಚಿಹೋಗಿವೆ. ಹಳೆಯ ಮನೆಗಳನ್ನು ಕೆಡವಿ ಬಹುಮಹಡಿಯ ಕಟ್ಟಡಗಳನ್ನು ಎಬ್ಬಿಸುವಾಗ ಹಂಚು, ಪಕ್ಕಾಸು, ಮುಚ್ಚಿಗೆಯ ಹಲಗೆ, ಕೆತ್ತಿದ ಬಾಗಿಲು ಇವೆಲ್ಲ ಲಾರಿಯೇರಿ ಹೋಗುವುದನ್ನು ನಾವೆಲ್ಲರೂ ನೋಡಿದ್ದೇವೆ.

ಆ ಲಾರಿ ಹೊರಡುವ ಮುನ್ನ ಮನೆಯವರು ಎರಡು ಹಂಚುಗಳನ್ನೂ ಒಂದು ಕಿಟಿಕಿಯ ಚೌಕಟ್ಟನ್ನೂ ಎತ್ತಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ. ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರೂ ಊರಿನ ಹೆಸರೂ ಉಬ್ಬಿದ ಅಕ್ಷರಗಳಲ್ಲಿರುವುದು. ಅದನ್ನು ಚೊಕ್ಕಟವಾಗಿ ತೊಳೆದು ಬಲವಾದ ಹಲಗೆಗೆ ಬಿಗಿದು ಜಗಲಿಯಲ್ಲಿ ನಿಲ್ಲಿಸಿದರೆ, ಮನೆಯ ಹೆಸರಿನ ಫಲಕಕ್ಕಿಂತ ಚೆನ್ನಾಗಿ ನಾವು ಯಾವ ಊರಿನವರೆಂಬುದನ್ನು ಸಾರುವುದು. ಚೌಕಟ್ಟಿಗೆ ಕನ್ನಡಿಯನ್ನು ಕೂಡಿಸಬಹುದು. ಪಕ್ಕಾಸಿನ ಹಳೆಯ ಮರದ ತುಂಡಿನಿಂದ ಪುಸ್ತಕದ ಹಲಗೆ ಮಾಡಿಸಬಹುದು. ಬಲಿತು ಒಣಗಿದ ಆ ಮರ ಹೊಸ ಮರದಂತೆ ಮಳೆಗಾಲದಲ್ಲಿ ಬಗ್ಗಿ ತಿರುಚಿಕೊಳ್ಳುವುದು ಕಡಿಮೆ.

ಇನ್ನು ಕೆಲಸದ ಕ್ರಮವನ್ನು ಹೇಳುವೆವು. ಮೊದಲು ಒಂದೇ ಒಂದು ಕೋಣೆಯನ್ನು ಆರಿಸಿ, ಅದರಲ್ಲಿರುವ ಸಾಮಾನುಗಳನ್ನೆಲ್ಲ ಹೊರಗೆ ತೆಗೆಯಬೇಕು. ಗುಡಿಸಿ ಒರೆಸಿದ ಬಳಿಕ ಬರಿಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತು, ಬೆಳಕು ಎಲ್ಲಿಂದ ಬರುವುದು, ನಡೆದಾಡುವ ದಾರಿ ಯಾವುದು, ಕುಳಿತವರ ಕಣ್ಣು ಮೊದಲು ಎಲ್ಲಿಗೆ ಹೋಗುವುದು ಎಂಬುದನ್ನು ಗಮನಿಸಬೇಕು. ಆಮೇಲೆ ಹೊರಗಿಟ್ಟ ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು, ಇದರಿಂದ ದಿನನಿತ್ಯ ಉಪಯೋಗವುಂಟೇ, ಇದರೊಡನೆ ಒಂದು ನೆನಪುಂಟೇ, ಇದು ಕಣ್ಣಿಗೆ ಹಿತವೇ ಎಂದು ಕೇಳಿಕೊಳ್ಳಬೇಕು. ಮೂರರಲ್ಲಿ ಒಂದಕ್ಕೂ ಹೌದೆಂಬ ಉತ್ತರ ಬಾರದಿದ್ದರೆ ಅದನ್ನು ಬೇಕಾದವರಿಗೆ ಕೊಡಬೇಕು. ಅನೇಕ ಮನೆಗಳಿಗೆ ಬೇಕಾದುದು ಹೊಸ ಸಾಮಾನಲ್ಲ, ಸ್ವಲ್ಪ ಬರಿದಾದ ಜಾಗ.

ಎರಡನೆಯದಾಗಿ, ಅಟ್ಟದಿಂದ ಇಳಿಸಿದ ವಸ್ತುಗಳಿಗೆ ಹೊಸ ಕೆಲಸ ಕೊಡಬೇಕು. ಉಪ್ಪಿನಕಾಯಿಯ ದೊಡ್ಡ ಭರಣಿಯಲ್ಲಿ ಕೊಡೆಗಳನ್ನು ನಿಲ್ಲಿಸಬಹುದು. ಅಕ್ಕಿ ಅಳೆಯುತ್ತಿದ್ದ ಸೇರು ಪಾವುಗಳು ಮೇಜಿನ ಮೇಲೆ ಲೇಖನಿಗಳನ್ನು ಹಿಡಿದುಕೊಳ್ಳುವುವು. ಬಚ್ಚಲಿನ ಹಂಡೆ ಜಗಲಿಗೆ ಬಂದರೆ ಅದರಲ್ಲಿ ನೀರು ತುಂಬಿ ದಾಸವಾಳ ತೇಲಿಸಬಹುದು. ಸೊಳ್ಳೆಯಾಗದಂತೆ ನೀರನ್ನು ದಿನಾಲೂ ಬದಲಾಯಿಸತಕ್ಕದ್ದು. ಹಿತ್ತಾಳೆಯನ್ನು ಬೆಳಗುವುದಕ್ಕೆ ಅಂಗಡಿಯ ಪುಡಿ ಬೇಡ. ಹುಣಿಸೆಹುಳಿ ಇದೆ, ಹಿತ್ತಿಲಿನಲ್ಲಿ ಬಿಂಬುಳಿಯ ಮರವಿದ್ದರೆ ಅದರ ಕಾಯಿಯೇ ಸಾಕು.

ಚೆನ್ನೆಮಣೆಯಿದ್ದ ಮನೆಯವರು ಅದನ್ನು ಖಂಡಿತವಾಗಿ ಹೊರಗೆ ತೆಗೆಯಬೇಕು. ಒಂದು ಸಾಲಿಗೆ 7ರಂತೆ ಎರಡು ಸಾಲುಗಳಲ್ಲಿ 14 ಗುಳಿಗಳು, ಗುಳಿಗೆ ನಾಲ್ಕರಂತೆ ಕಾಳುಗಳು, ಎದುರುಬದುರಾಗಿ ಇಬ್ಬರು. ಆಟಿಯ ಬಿರುಮಳೆಯಲ್ಲಿ ಹೊರಗೆ ಹೋಗಲಾಗದ ಹೆಂಗಸರೂ ಮಕ್ಕಳೂ ಇದನ್ನು ಆಡುತ್ತಿದ್ದರು. ಅದನ್ನು ಗಾಜಿನೊಳಗೆ ಮುಚ್ಚಿಡುವುದಕ್ಕಿಂತ ಚಾವಡಿಯ ಚಿಕ್ಕ ಮೇಜಿನ ಮೇಲೆ ಕೆಂಪು ಮಂಜೊಟ್ಟಿಯ ಕಾಳುಗಳ ಸಮೇತ ಇಟ್ಟರೆ, ನೋಡಲು ಅಂದ. ಮಕ್ಕಳಿಗೆ ಎಣಿಕೆಯ ಪಾಠ. ಅಜ್ಜಿಗೆ ಆಟಕ್ಕೊಬ್ಬ ಜೊತೆ.

ಮೂರನೆಯದು ಬಟ್ಟೆ. ನಮ್ಮ ಊರಿನ ಮಗ್ಗದ ಕಥೆಯೂ ಹಳೆಯದೇ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮಿಶನಿನ ನೇಯ್ಗೆಯ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬವರ ಕಾಲದಲ್ಲಿ ಖಾಕಿ ಬಟ್ಟೆ ಹೆಸರುವಾಸಿಯಾಯಿತು. ನಮ್ಮ ಎರಡೂ ಜಿಲ್ಲೆಗಳ ಕೈಮಗ್ಗಗಳಲ್ಲಿ ನೇಯುವ ಉಡುಪಿ ಸೀರೆ ನಮ್ಮ ತಾಯಂದಿರ ನಿತ್ಯದ ಉಡುಗೆಯಾಗಿತ್ತು. ಹಗುರವಾದ ಹತ್ತಿ, ಒಡಲಲ್ಲಿ ಚೌಕಳಿ ಅಥವಾ ಒಂದೇ ಬಣ್ಣ, ಎದ್ದುಕಾಣುವ ಅಂಚು. ನೇಕಾರರು ಮುದುಕರಾಗಿ ಮಗ್ಗಗಳು ನಿಲ್ಲುತ್ತ ಬಂದ ಕಾಲದಲ್ಲಿ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘವೂ ಕಾರ್ಕಳದ ಕದಿಕೆ ಟ್ರಸ್ಟೂ ಕೂಡಿ ಅದಕ್ಕೆ ಪುನಃ ಜೀವ ಕೊಟ್ಟಿರುವುದು ಸಂತೋಷದ ಸಂಗತಿ. ತಾಯಿಯ ಹಳೆಯ ಉಡುಪಿ ಸೀರೆಯ ಒಡಲು ಸವೆದಿದ್ದರೂ ಅಂಚು ಗಟ್ಟಿಯಾಗಿರುವುದು. ಆ ಅಂಚನ್ನು ಬಿಡಿಸಿ ಬಿಳಿಯ ಪರದೆಗೆ ಹೊಲಿದರೆ ಕಿಟಿಕಿಗೆ ಕಳೆಯೇರುವುದು. ಹೊಲಿಗೆಯ ತರಗತಿಯಲ್ಲಿ ಗೊಣಗುತ್ತ ಕಲಿತ ಓಟದ ಹೊಲಿಗೆ ಇಲ್ಲಿಯಾದರೂ ಉಪಯೋಗಕ್ಕೆ ಬರಲಿ!

ಗೋಡೆಯ ಚಿತ್ರಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಪಡುವಣ ಗೋಡೆ ಆಷಾಢದಲ್ಲಿ ಬೆವರುತ್ತದೆ. ಅಲ್ಲಿ ಕಾಗದದ ಚಿತ್ರವನ್ನು ತೂಗಹಾಕಿದರೆ ಎರಡು ತಿಂಗಳಲ್ಲಿ ಬೂಷ್ಟು ಹಿಡಿಯುವುದು. ಒಳಗೋಡೆಯನ್ನೇ ಆರಿಸಿ, ಚೌಕಟ್ಟಿನ ಹಿಂಬದಿಯ ನಾಲ್ಕು ಮೂಲೆಗಳಲ್ಲಿ ಬಿರಡೆಯ ಚೂರುಗಳನ್ನು ಅಂಟಿಸಿ ಗಾಳಿಯಾಡಲು ಎಡೆಮಾಡಬೇಕು. ಮತ್ತೊಂದು, ಚಿತ್ರವನ್ನು ನೋಡುವವರ ಕಣ್ಣಿನ ಮಟ್ಟಕ್ಕೆ ಹಾಕಬೇಕೇ ಹೊರತು ಮಾಡಿನ ಹತ್ತಿರಕ್ಕಲ್ಲ.

ಯಾವ ಚಿತ್ರವನ್ನು ಹಾಕಬೇಕೆಂದರೆ, ನಿಮಗೆ ಗೊತ್ತಿರುವವರು ಬರೆದುದನ್ನು ಎನ್ನುವೆವು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಬಣ್ಣವನ್ನು ಬಲ್ಲವರಾಗಿದ್ದರೂ, ಕೆಲವೇ ಗೆರೆಗಳಲ್ಲಿ ನರ್ತಕರನ್ನೂ ವಾದ್ಯಗಾರರನ್ನೂ ಕಾಗದದ ಮೇಲೆ ಕುಣಿಸಿದುದಕ್ಕಾಗಿ ಲೋಕಪ್ರಸಿದ್ಧರಾದರು. ಅವರ ಮೂಲಚಿತ್ರಗಳನ್ನು ಕೊಳ್ಳುವ ಶಕ್ತಿ ನಮಗಿಲ್ಲದಿರಬಹುದು. ಆದರೆ ನಮ್ಮ ಪಟ್ಟಣದ ಚಿತ್ರಕಲಾ ಶಾಲೆಗಳಲ್ಲಿ ಕಲಿಯುವ ಯುವಕ ಯುವತಿಯರ ಪ್ರದರ್ಶನಗಳಿಗೆ ಹೋಗಿ, ಬಂದರಿನ ದೋಣಿಗಳದ್ದೋ ಯಕ್ಷಗಾನದ ವೇಷದ್ದೋ ಒಂದು ಚಿತ್ರವನ್ನು ಬರೆದವರ ಕೈಯಿಂದಲೇ ಕೊಂಡರೆ, ಸಾವಿರಾರು ಪ್ರತಿಗಳಾಗಿ ಅಚ್ಚಾಗಿ ಬಂದ ಪರದೇಶದ ಹೂದೋಟಕ್ಕಿಂತ ಅದು ಹೆಚ್ಚು ಕಾಲ ನಿಮ್ಮೊಡನೆ ಮಾತಾಡುವುದು. ದೀಪಾವಳಿಗೆ ಬಿದಿರಿನ ಕಡ್ಡಿಗಳಿಂದಲೂ ಬಣ್ಣದ ಕಾಗದದಿಂದಲೂ ಗೂಡುದೀಪ ಕಟ್ಟುವ, ಕ್ರಿಸ್ಮಸ್ಸಿಗೆ ಬೈಹುಲ್ಲಿನಿಂದ ಗೋದಲಿ ಮಾಡುವ ಹುಡುಗರು ಪ್ರತಿಯೊಂದು ಕೇರಿಯಲ್ಲಿಯೂ ಇದ್ದಾರೆ. ಹಬ್ಬ ಕಳೆದ ಮೇಲೆ ಗೂಡುದೀಪವನ್ನು ಒಡೆದು ಎಸೆಯದೆ ಜಗಲಿಯ ದೀಪಕ್ಕೆ ಹೊದಿಸಿದರೆ, ಅದನ್ನು ಕಟ್ಟಿದ ಹುಡುಗ ವರ್ಷವಿಡೀ ಆ ದಾರಿಯಾಗಿ ತಲೆಯೆತ್ತಿ ನಡೆಯುವನು. ಬಿಸಿಯೇರದ ದೀಪವನ್ನೇ ಅದರೊಳಗೆ ಇಡಬೇಕೆಂಬುದು ನೆನಪಿರಲಿ.

ಇಷ್ಟು ಹೇಳಿದ ಬಳಿಕ ಒಂದು ಎಲ್ಲೆಯನ್ನೂ ಹೇಳದಿದ್ದರೆ ನಮ್ಮ ಮಾತು ಪೂರ್ಣವಾಗದು. ಊರಿನ ಕಲೆಯೆಂಬ ಕಾರಣದಿಂದ ಎಲ್ಲವೂ ಅಲಂಕಾರಕ್ಕೆ ಬರುವುದಿಲ್ಲ. ಬಾರ್ಕೂರಿನ ಆಚೆಯ ಮೆಕ್ಕೆಕಟ್ಟಿನ ದೈವಸ್ಥಾನದ ಹಳೆಯ ಮರದ ಉರುಗಳಲ್ಲಿ ಅನೇಕವು ಇಂದು ದಿಲ್ಲಿಯ ಕರಕುಶಲ ಸಂಗ್ರಹಾಲಯದಲ್ಲಿವೆ. ಕಂಡವರು ಅವುಗಳ ಮುಂದೆ ಮಾತಿಲ್ಲದೆ ನಿಲ್ಲುತ್ತಾರೆ. ಸಂಗ್ರಹಾಲಯವಾದರೆ ಅವುಗಳನ್ನು ಕಾಪಾಡುವುದು, ಅರ್ಥವನ್ನು ವಿವರಿಸುವುದು. ಆದರೆ ಒಬ್ಬರು ಕೈಮುಗಿಯುವ ಮೊಗವನ್ನು ಮತ್ತೊಬ್ಬರು ಸೋಫಾದ ಮೇಲ್ಗಡೆಗೆ ತೂಗಹಾಕುವುದು ನಮಗೆ ಸರಿಯೆಂದು ಕಾಣುವುದಿಲ್ಲ. ನಮ್ಮ ನೆರೆಯವರು ಯಾವ ಮತದವರೇ ಆಗಿರಲಿ, ಅವರು ಬಂದು ಕುಳಿತಾಗ ಅವರ ಮನಸ್ಸು ನೋಯುವಂಥದ್ದು ನಮ್ಮ ಗೋಡೆಯ ಮೇಲೆ ಇರಬಾರದು. ಹಾಗೆಯೇ ಕಷ್ಟದಲ್ಲಿರುವವರ ಮನೆಯ ತೂಗುದೀಪವನ್ನು ಗುಜರಿಯ ಬೆಲೆಗೆ ಕೊಂಡುತಂದು ಹಳೆಯ ವಸ್ತುವೆಂದು ಹೆಮ್ಮೆಯಿಂದ ತೋರಿಸುವುದು ಶೃಂಗಾರವಲ್ಲ. ಕೊಳ್ಳುವುದಾದರೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಬೇಕು.

ಬೇರೆಯವರು ಬೇಡವೆಂದುದನ್ನು ಗೌರವದಿಂದ ಉಳಿಸಿದವರ ದೃಷ್ಟಾಂತ ನಮ್ಮ ಸಮೀಪದಲ್ಲಿಯೇ ಇದೆ. 2017ರಲ್ಲಿ ತೀರಿಕೊಂಡ ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕಿನ ನೌಕರಿಯಲ್ಲಿದ್ದವರು. ಹಳೆಯ ಮನೆಗಳನ್ನು ಕೆಡವುತ್ತಿದ್ದಲ್ಲಿಗೆ ಹೋಗಿ ಕಂಬ, ಬಾಗಿಲು, ಕಿಟಿಕಿಗಳನ್ನು ಸಂಗ್ರಹಿಸಿ, ಅವುಗಳಿಂದಲೇ ‘ಹಸ್ತಶಿಲ್ಪ’ವೆಂಬ ತಮ್ಮ ಮನೆಯನ್ನು ಕಟ್ಟಿಕೊಂಡರು. ನೋಡಬರುವವರ ಸಂಖ್ಯೆ ಹೆಚ್ಚಿದಂತೆ ಅವರ ಉದ್ಯಮವೂ ಬೆಳೆದು, ಕೆಡವಲ್ಪಡಲಿದ್ದ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರಳಿ ಜೋಡಿಸಿದ ಪಾರಂಪರಿಕ ಗ್ರಾಮವೊಂದು ಮಣಿಪಾಲದಲ್ಲಿ ಎದ್ದು ನಿಂತಿತು. ನಮ್ಮಲ್ಲಿ ಯಾರೂ ಗ್ರಾಮವನ್ನು ಕಟ್ಟಬೇಕಾಗಿಲ್ಲ. ಎರಡು ಕೋಣೆಯ ಫ್ಲಾಟಿನಲ್ಲಿದ್ದವರು ಒಂದು ಮಣೆಯನ್ನೂ ಒಂದು ದೀಪವನ್ನೂ ಉಳಿಸಿದರೆ ಸಾಕು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಗಳ ಮದುವೆಗೆ ಹೊಸ ಸಾಮಾನುಗಳ ಪಟ್ಟಿಯನ್ನು ಬರೆಯುವಾಗ, ಸಾಲಮಾಡಿ ಅದನ್ನು ಉದ್ದಮಾಡಬೇಡಿರಿ. ಮನೆಯಲ್ಲಿರುವ ಒಂದು ಒಳ್ಳೆಯ ವಸ್ತುವನ್ನು ಅವಳಿಗೆ ಕೊಡಿರಿ. ಅದರೊಡನೆ ಒಂದು ಚೀಟಿಯನ್ನೂ ಕೊಡಿರಿ. ಈ ಹಿತ್ತಾಳೆಯ ಚೆಂಬು ಯಾರದು, ಯಾವ ಊರಿನಿಂದ ಬಂತು, ಯಾವ ಕಷ್ಟದ ವರ್ಷದಲ್ಲಿ ಅಡವಿಟ್ಟು ಯಾವಾಗ ಬಿಡಿಸಿಕೊಂಡಿರಿ ಎಂಬುದನ್ನು ನಿಮ್ಮ ಕೈಯಿಂದಲೇ ಅದರಲ್ಲಿ ಬರೆಯಿರಿ. ಮನೆಗಳು ಒಡೆದು ಮಕ್ಕಳು ಕೊಲ್ಲಿ ದೇಶಗಳಿಗೂ ಬೆಂಗಳೂರು ಮುಂಬಯಿಗಳಿಗೂ ಹೋಗುವ ಈ ಕಾಲದಲ್ಲಿ, ವಸ್ತು ಉಳಿದು ಅದರ ಕಥೆ ಅಳಿಯುವುದನ್ನು ನಾವು ದಿನಾಲೂ ಕಾಣುತ್ತೇವೆ. ಕಥೆ ಅಳಿದ ಚೆಂಬು ಮೂರನೆಯ ತಲೆಮಾರಿನಲ್ಲಿ ಗುಜರಿಯಂಗಡಿಯ ತಕ್ಕಡಿಯನ್ನು ಏರುವುದು. ಅದನ್ನು ಏರಿಸುವವರ ತಪ್ಪೂ ಅದರಲ್ಲಿ ಹೆಚ್ಚಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ.

ಹಳೆಯ ವಿದ್ಯಾರ್ಥಿನಿಯರೇ, ಮುಂದಿನ ಕೈಕೆಲಸದ ಪ್ರದರ್ಶನದಲ್ಲಿ ಇಂಥ ವಸ್ತುಗಳಿಗಾಗಿ ಒಂದು ಕೋಣೆಯನ್ನು ತೆರವು ಮಾಡಿಕೊಡಲು ನಾವು ನಿಶ್ಚಯಿಸಿದ್ದೇವೆ. ನಿಮ್ಮ ಮನೆಯಿಂದ ಒಂದೊಂದನ್ನು, ಮಾಡಿದವರ ಇಲ್ಲವೆ ಬಳಸಿದವರ ಹೆಸರು ಬರೆದ ಚೀಟಿಯೊಡನೆ, ಎರಡು ದಿನಗಳ ಮಟ್ಟಿಗೆ ತಂದುಕೊಡಿರಿ. ಬೆಲೆಬಾಳುವುದೇ ಆಗಬೇಕೆಂದಿಲ್ಲ, ತಡಪೆಯಾದರೂ ಆದೀತು, ಅಡಿಕೆಯ ಹಾಳೆಯ ಮುಟ್ಟಾಳೆಯಾದರೂ ಆದೀತು. ಈಗ ಕಲಿಯುತ್ತಿರುವ ಹುಡುಗಿಯರು ಅವುಗಳನ್ನು ಕಂಡು, ಸಂಜೆ ಮನೆಗೆ ಹೋಗಿ ತಮ್ಮ ಅಟ್ಟವನ್ನೂ ತಮ್ಮ ಅಜ್ಜಿಯ ಕೈಗಳನ್ನೂ ಹೊಸದಾಗಿ ನೋಡುವಂತಾಗಲೆಂದು ಹಾರೈಸುತ್ತೇವೆ.